ನಮ್ಮತ್ತೆಯ ಹಾರುವ ತಟ್ಟೆಗಳು

ನಮ್ಮ ಸೋದರತ್ತೆಯನ್ನು ಯಾವ ಸಮಾರಂಭಕ್ಕಾದರೂ ಕರೆದು ನೋಡಿ. ಯಾರ್ಯಾರು ಬರುತ್ತಾರೆ, ಊಟಕ್ಕೇನು ಎಂದು ಕೇಳುವವರಲ್ಲ. "ಲೇ ತಮ್ಮಾ, ಮನಿ ಹಿಂದ ಬಯಲ ಎಷ್ಟದ?" ಇದೊಂದೇ ಪ್ರಶ್ನೆ! ಬಯಲು ಸಾಲದಿದ್ದರೆ ಮದುವೆಯಾದರೂ ಸರಿ, ತೊಟ್ಟಿಲಾದರೂ ಸರಿ, ಅವರಿಗೆ ದಿಢೀರನೆ ಮೊಣಕಾಲು ನೋವು ಬಂದುಬಿಡುತ್ತದೆ.

ಅತ್ತೆ ಜೇವರ್ಗಿಯ ಶಾಲೆಯೊಂದರಲ್ಲಿ ಆಟ ಕಲಿಸುತ್ತಿದ್ದವರು. ನಿವೃತ್ತರಾದ ಮೇಲೆ ಮೊಬೈಲಿನಲ್ಲಿ ಡಿಸ್ಕ್ ಗಾಲ್ಫ್ ಎಂಬುದನ್ನು ಕಂಡರು. ದೂರದಲ್ಲೊಂದು ಕಂಬ, ಕಂಬಕ್ಕೊಂದು ಬುಟ್ಟಿ. ಪ್ಲಾಸ್ಟಿಕ್ ತಟ್ಟೆಯನ್ನು ಎಸೆಯುತ್ತ, ಬಿದ್ದಲ್ಲಿಂದ ಮತ್ತೆ ಎಸೆಯುತ್ತ ಹೋಗಿ ಬುಟ್ಟಿಗೆ ಬೀಳಿಸಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದಂತೆ. ಇಷ್ಟೇ ಆಟ.

ತಟ್ಟೆಗಳು ಪಾರ್ಸೆಲ್ಲಿನಲ್ಲಿ ಬರುವತನಕ ಕಾಯಬೇಕಲ್ಲ? ಕಾಯುವ ಜೀವವೇ ಅದು? ಕಡಕ್ ರೊಟ್ಟಿಯಲ್ಲೇ ಅಭ್ಯಾಸ ಶುರುವಾಯಿತು! ಮೊದಲ ರೊಟ್ಟಿ ಕಾಂಪೌಂಡು ದಾಟಿ ಪಕ್ಕದ ಮನೆಯ ಎಮ್ಮೆಯ ಮುಂದೆ ಇಳಿಯಿತು. ಎರಡನೆಯದೂ ಅಲ್ಲಿಗೇ. ಹಸಿದು ಕೂತಿದ್ದ ಮಾವ ತೀರ್ಪು ಕೊಟ್ಟರು: "ಎಮ್ಮಿ ಗೆದ್ದದ. ಇನ್ನರೆ ನನಗ ಊಟಕ್ಕ ಹಾಕ್ತಿಯೇನ?"

ನಿಮಗೂ ಆಡುವ ಮನಸ್ಸಿದ್ದರೆ ಆಳಂದದ ಕಡೆಯಿಂದ ಆರಂಭಿಸಿ. ಅಲ್ಲಿ ಗೆಳತಿಯೊಬ್ಬರ ಹೊಲದ ಅಂಚಿನ ಕಲ್ಲುದಿಬ್ಬದಲ್ಲಿ ಅತ್ತೆ ಬಿದಿರುಬುಟ್ಟಿಗಳನ್ನು ಕಟ್ಟಿದ್ದಾರೆ. ಒಮ್ಮೆ ಹಾಲಿನ ಕ್ಯಾನು ಹೇರಿಕೊಂಡು ಬೈಕಿನಲ್ಲಿ ಹೊರಟಿದ್ದವನೊಬ್ಬ ನಿಂತು ನೋಡಿದ.

"ಯಕ್ಕಾ, ಇದೇನ್ ಡ್ರೋನೇನ್ರಿ? ತೊಗರಿಗೆ ಔಷಧ ಹೊಡಿತದೇನ್ರಿ?"

"ಔಷಧ ಹೊಡಿಯಂಗಿಲ್ಲೋ, ಬ್ಯಾಸರ ಹೊಡಿತದ. ಒಗದು ನೋಡು!"

ಆತ ಎಸೆದ. ಜಾಲಿಮುಳ್ಳಿನಲ್ಲಿ ಸಿಕ್ಕಿತು. ಇನ್ನೊಮ್ಮೆ ಎಂದ. ಹಾಲು ಒಡೆಯುವತನಕ ಆ ಮನುಷ್ಯ ಅಲ್ಲಿಂದ ಕದಲಲಿಲ್ಲ!

ಕೈ ಪಳಗಿದ ಮೇಲೆ ಅಫಜಲಪುರದ ಕಡೆ ಹೋಗಿ, ಘತ್ತರಗಿಯ ಹತ್ತಿರ ಭೀಮೆಯ ದಂಡೆಗೆ. ಅಲ್ಲಿನ ದೇವಿಯ ಗುಡಿಯಿಂದ ಸಾಕಷ್ಟು ದೂರದಲ್ಲೇ ಬುಟ್ಟಿ ಕಟ್ಟಿದ್ದರೂ ಭಕ್ತರ ಕಣ್ಣು ತಪ್ಪಿಸಲಾದೀತೇ? ನಾವು ಹೋಗಿ ನೋಡಿದರೆ ಬುಟ್ಟಿಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಕುಂಕುಮ! ಅತ್ತೆ ಕೈಮುಗಿದು, ಬಾಳೆಹಣ್ಣು ಸುಲಿದು, ಅಲ್ಲೇ ಹೊಸ ನಿಯಮ ಸಾರಿದರು: "ಬುಟ್ಟ್ಯಾಗ ಕಾಯಿ ಇದ್ರ ಒಂದು ಎಸೆತ ಮಾಫ್."

ಅವತ್ತೇ ನಾನು ಆ ಎಸೆತ ಕಂಡದ್ದು. ನಮಗೂ ಬುಟ್ಟಿಗೂ ನಡುವೆ ನದಿ ಬಾಗಿ ಒಳಕ್ಕೆ ಬಂದಿತ್ತು. ಅತ್ತೆ ಸೆರಗು ಸಿಕ್ಕಿಸಿ, ಎರಡು ಹೆಜ್ಜೆ ಅಡ್ಡಡ್ಡ ಇಟ್ಟು, ಸೊಂಟ ತಿರುಗಿಸಿ ಬೀಸಿದರು. ಕೆಂಪು ತಟ್ಟೆ ನೀರಿನ ಮೇಲೆ ಹೋಯಿತು, ಹೋಯಿತು, ಹೋಗುತ್ತಲೇ ಇತ್ತು. ಮುಳುಗಿತೆಂದುಕೊಂಡೆ. ಅಷ್ಟರಲ್ಲಿ ಅದು ಏನೋ ಮರೆತವರಂತೆ ಹೊರಳಿ ದಡಕ್ಕೆ ಬಂದು ಬುಟ್ಟಿಯ ಬುಡದಲ್ಲಿ ಮೆಲ್ಲಗೆ ಕೂತಿತು! ಸ್ನಾನಕ್ಕೆ ಇಳಿದವರು ನೀರಲ್ಲೇ ನಿಂತುಬಿಟ್ಟರು. ನನಗೆ ರೋಮಾಂಚನ. ಹಕ್ಕಿಯೂ ಅಷ್ಟು ಹೇಳಿದ ಮಾತು ಕೇಳಲಿಕ್ಕಿಲ್ಲ. ಮಾವ ಮಾತ್ರ, "ಗಾಳಿ ತಂದದ, ನಿನ್ನದೇನಿಲ್ಲ" ಅಂದರು. ಪ್ರತಿ ಎಸೆತಕ್ಕೂ ತಕರಾರು ತೆಗೆಯಲೆಂದೇ ಅವರು ಕೊಡೆ ಹಿಡಿದು ಹಿಂದೆ ಬರುತ್ತಿದ್ದರು.

ಹೋದ ವರ್ಷ ಸಕ್ಕರೆ ಕಾಯಿಲೆ ಮಾವನ ದೃಷ್ಟಿಯನ್ನು ಪೂರ್ತಿ ಕಿತ್ತುಕೊಂಡಿತು. ಅವರು ಕೋಣೆ ಬಿಟ್ಟು ಬರಲೊಲ್ಲರು. ಅತ್ತೆಯೂ ತಟ್ಟೆಗಳನ್ನು ಕಪಾಟಿನಲ್ಲಿಟ್ಟರು. ಬಯಲ ಎಷ್ಟದ ಎಂದು ಕೇಳುವುದನ್ನೇ ನಿಲ್ಲಿಸಿದರು.

ಈ ಸಲ ತೊಗರಿ ರಾಶಿಯಾದ ಮೇಲೆ ಅತ್ತೆ ಜೇವರ್ಗಿಯಲ್ಲಿರುವ ತಮ್ಮದೇ ಎರೆಹೊಲಕ್ಕೆ ಮಾವನನ್ನು ಹಟ ಹಿಡಿದು ಕರೆದೊಯ್ದರು. ನಾನೂ ಜೊತೆಗಿದ್ದೆ. ಅಲ್ಲಿ ಒಂದೇ ಬುಟ್ಟಿ. ಮಾವನ ಕೈಗೆ ಎರಡು ತಟ್ಟೆ ಕೊಟ್ಟು, ಅತ್ತೆ ಹೋಗಿ ಬುಟ್ಟಿಯ ಪಕ್ಕ ನಿಂತರು.

"ನನಗೇನು ಕಾಣ್ತದ ಅಂತ ಒಗೀಲಿ?" ಮಾವ ತಟ್ಟೆಯ ಅಂಚು ಸವರುತ್ತ ಕೇಳಿದರು.

"ಕಾಣೂದು ಬ್ಯಾಡ್ರಿ. ನಾ ಬೈತೇನಿ, ಬೈಗಳ ಬಂದ ಕಡಿ ಒಗೀರಿ!"

ಶುರುವಾಯಿತು ನೋಡಿ! ಔಷಧ ಉಗುಳಿದ್ದು, ಕದ್ದು ಜಿಲೇಬಿ ತಿಂದದ್ದು, ಒಂದನ್ನೂ ಬಿಡಲಿಲ್ಲ. ಮಾವ ಕಿವಿಗೊಟ್ಟು ಎಸೆದರು. ತಟ್ಟೆ ನೆಲಕ್ಕೆ ಬಿತ್ತು. "ನಿಲ್ಲಸಬ್ಯಾಡ, ಬೈ!" ಎಂದು ಇನ್ನೊಂದು ಎಸೆದರು. ಅದು ಎತ್ತರಕ್ಕೆದ್ದು ಬೇರೆಯೇ ದಿಕ್ಕು ಹಿಡಿಯಿತು. ಅತ್ತೆ ಕಂಬದಿಂದ ಬುಟ್ಟಿ ಕಿತ್ತುಕೊಂಡು, ಬೈಯುತ್ತಲೇ, ತೊಗರಿ ಕೂಳೆಗಳ ಮೇಲೆ ಎಡವುತ್ತ ಓಡಿ, ತಟ್ಟೆಯನ್ನು ಬುಟ್ಟಿಯಲ್ಲಿ ಹಿಡಿದರು.

"ಬಿತ್ತೇನ?"

"ಬಿತ್ತ್ರಿ. ನೆಟ್ಟಗ ಬುಟ್ಟ್ಯಾಗೇ ಬಿತ್ತು."

ಮಾವ ತಲೆ ಓರೆ ಮಾಡಿದರು. "ಮತ್ತ ನಿನ್ನ ಬೈಗಳ್ಯಾಕ ಅಷ್ಟು ದೂರ ಓಡಿ ಹೋದವು?"

ಅತ್ತೆ ಏದುಸಿರು ಬಿಡುತ್ತ, ಕುಂಟುತ್ತ ಬರತೊಡಗಿದರು. ಕೂಳೆ ಚುಚ್ಚಿ ಕಾಲಲ್ಲಿ ರಕ್ತ ಬರುತ್ತಿತ್ತು. ಮಾವ ಎಷ್ಟೋ ತಿಂಗಳ ಮೇಲೆ ನಕ್ಕರು. ಆ ಏದುಸಿರು ಕೇಳಿದ ಕಡೆಗೆ ಕೈ ಚಾಚಿ, "ಬಾ, ಕಾಲಿಗೆ ಹತ್ತಿದ್ದರ ಕುಂದ್ರು. ಆಮ್ಯಾಲ ಇನ್ನೊಂದು ಕೊಡು" ಅಂದರು.