ಪರೀಕ್ಷೆಗೆ ಕೂರುತ್ತಿದ್ದ ದೊಡ್ಡಪ್ಪ

ನಮ್ಮ ದೊಡ್ಡಪ್ಪ ಓದಿದ್ದು ಏಳನೇ ಕ್ಲಾಸು. ಆದರೆ ನಮ್ಮ ಸೀಮೆಯಲ್ಲಿ ಕುತ್ತಿಗೆಗೆ ಸ್ಟೆತಾಸ್ಕೋಪ್ ನೇತುಹಾಕಿಕೊಂಡು ಓಡಾಡುವ ಡಾಕ್ಟರುಗಳಲ್ಲಿ ಅರ್ಧಕ್ಕರ್ಧ ಮಂದಿಯನ್ನು ಪಾಸು ಮಾಡಿಸಿದವರು ತಾವೇ ಎಂದು ಅವರು ನಂಬಿದ್ದರು. ಇದನ್ನು ಕೇಳಿ ನಿಮಗೆ ನಗು ಬರಬಹುದು. ನಾವೂ ನಕ್ಕೆವು. ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನು.

ಅವರು ನನ್ನ ಅಮ್ಮನ ಅಕ್ಕನ ಗಂಡ. ಊರು ಕೆಂಚಾರ್ಲಹಳ್ಳಿ, ಕಸುಬು ರೇಷ್ಮೆ ಹುಳು ಸಾಕುವುದು. ಹರೆಯದಲ್ಲಿ ಅವರಿಗೆ ಕ್ಷಯ ಬಂದು, ತಿಂಗಳುಗಟ್ಟಲೆ ಮಾತ್ರೆ ನುಂಗಿ ವಾಸಿಯಾಗಿತ್ತು. ಆದರೆ ಆ ಕಾಯಿಲೆ ಸುಮ್ಮನೆ ಹೋಗಲಿಲ್ಲ. ಎಡ ಶ್ವಾಸಕೋಶದ ಮೇಲ್ಭಾಗವನ್ನು ಹಿಸುಕಿದ ರೇಷ್ಮೆಗೂಡಿನ ಹಾಗೆ ಮುದುಡಿಸಿ ಹೋಗಿತ್ತು. ಅದರ ಎಳೆತಕ್ಕೆ ಗಂಟಲಿನ ಗಾಳಿಕೊಳವೆಯೂ ಎಡಕ್ಕೆ ವಾಲಿತ್ತು.

ಒಮ್ಮೆ ನೆಗಡಿ ಕೆಮ್ಮೆಂದು ಒಂದು ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಹೋದರು. ಅಲ್ಲಿನ ಹಿರಿಯ ಡಾಕ್ಟರು ಎದೆ ತಟ್ಟಿದರು, ಕೇಳಿದರು, ಕೂಡಲೇ ಹತ್ತು ಜನ ವಿದ್ಯಾರ್ಥಿಗಳನ್ನು ಕರೆದು, "ಇಂಥ ಎದೆ ಸಿಗೋದು ಅಪರೂಪ, ಎಲ್ರೂ ನೋಡ್ಕೊಳ್ಳಿ" ಎಂದರು. ದೊಡ್ಡಪ್ಪ ಊರಿಗೆ ಬಂದವರು ಈ ಮಾತನ್ನು ಹೆಂಡತಿಗೆ ಒಪ್ಪಿಸಿದರು.

"ಮೂವತ್ತೈದು ವರ್ಷದಿಂದ ನೋಡ್ತಾ ಇದೀನಿ, ನಂಗೇನೂ ಅಪರೂಪ ಕಾಣ್ಲಿಲ್ಲಪ್ಪ" ಎಂದರು ದೊಡ್ಡಮ್ಮ.

ಅಲ್ಲಿಂದಾಚೆಗೆ ಪ್ರತಿ ವರ್ಷ ಕೊನೆಯ ವರ್ಷದ ಪರೀಕ್ಷೆಗೆ ಕಾಲೇಜಿನಿಂದ ದೊಡ್ಡಪ್ಪನಿಗೆ ಕರೆ ಬರತೊಡಗಿತು. ಪರೀಕ್ಷೆ ಹೇಗೆಂದರೆ, ವಿದ್ಯಾರ್ಥಿ ಗುರುತು ಪರಿಚಯವಿಲ್ಲದ ರೋಗಿಯ ಎದೆಯನ್ನು ನೋಡಿ, ಅದು ಯಾವ ಕಾಯಿಲೆ ಎಂದು ಪರೀಕ್ಷಕರ ಮುಂದೆ ಹೇಳಬೇಕು. ರೋಗಿಯ ಕೆಲಸ ಅಂಗಿ ಬಿಚ್ಚಿ ಸುಮ್ಮನೆ ಕೂರುವುದು. ಸುಮ್ಮನೆ ಕೂರುವುದೊಂದನ್ನು ಬಿಟ್ಟು ದೊಡ್ಡಪ್ಪ ಮಿಕ್ಕಿದ್ದೆಲ್ಲ ಮಾಡಿದರು.

ವರ್ಷ ವರ್ಷವೂ ಕೇಳಿ ಕೇಳಿ ಆ ವಿದ್ಯೆ ಅವರಿಗೆ ಬಾಯಿಪಾಠವಾಗಿತ್ತು. "ಮೊದ್ಲು ನೋಡ್ಬೇಕು, ಆಮೇಲೆ ಮುಟ್ಬೇಕು, ಆಮೇಲೆ ತಟ್ಬೇಕು, ಕೊನೇಲಿ ಕಿವಿ ಇಟ್ಟು ಕೇಳ್ಬೇಕು. ಈ ಕಾಲದ ಹುಡುಗ್ರು ಬಂದ ತಕ್ಷಣ ಕಿವಿಗೆ ಸಿಗಿಸ್ಕೋತಾರೆ" ಎಂದು ಮದುವೆ ಊಟದ ಪಂಕ್ತಿಯಲ್ಲೂ ಪಾಠ ಮಾಡುತ್ತಿದ್ದರು. ಪಕ್ಕದಲ್ಲಿ ಕೂತವರ ಬೆನ್ನು ಉಳಿಯುತ್ತಿರಲಿಲ್ಲ. ಎಡಗೈ ಬೆರಳನ್ನು ಬೆನ್ನಿಗೆ ಒತ್ತಿ ಬಲಗೈ ಬೆರಳಿನಿಂದ ಟಕ್ ಟಕ್ ಎಂದು ಬಡಿದು, "ಖಾಲಿ ಬಿಂದಿಗೆ ಸದ್ದು ಬರ್ತದೆ, ಒಳ್ಳೇದು, ತಿನ್ನು" ಎಂದು ಅಪ್ಪಣೆ ಕೊಡುತ್ತಿದ್ದರು. ನನ್ನ ತಂಗಿಯನ್ನು ನೋಡಲು ನಗರಗೆರೆಯಿಂದ ಗಂಡಿನ ಕಡೆಯವರು ಬಂದಾಗ, ಇವರು ಹುಡುಗನ ಬೆನ್ನ ಹಿಂದೆ ಹೋಗಿ ನಿಂತು, "ಉಸ್ರು ಜೋರಾಗಿ ಎಳ್ಕೊಳಪ್ಪ" ಎಂದರು. ಹುಡುಗ ಹೆದರಿ ಎಳೆದುಕೊಂಡ. "ಎರಡೂ ಕಡೆ ಸಮಾ ಏಳ್ತದೆ. ಕೊಡಬಹುದು" ಎಂದು ಎಲ್ಲರೆದುರೇ ತೀರ್ಪು ಕೊಟ್ಟರು. ಸಂಬಳ, ಜಮೀನಿನ ಮಾತು ಬಂದದ್ದು ಆಮೇಲೆ.

ಪರೀಕ್ಷೆಯ ದಿನವಂತೂ ಕೇಳಬೇಡಿ. ಒಬ್ಬ ಹುಡುಗ ಬೆವರುತ್ತಾ ಬಲಗಡೆಯನ್ನೇ ತಡವುತ್ತಿದ್ದನಂತೆ. ದೊಡ್ಡಪ್ಪನಿಗೆ ತಡೆಯಲಾಗಲಿಲ್ಲ. "ಎಡಗಡೆ, ಎಡಗಡೆ" ಎಂದು ಪಿಸುಗುಟ್ಟಿದರು. ಪರೀಕ್ಷಕರು ತಲೆಯೆತ್ತಿ, "ಏನ್ ಯಜಮಾನ್ರೇ, ಏನೋ ಹೇಳಿದ್ರಿ?" ಎಂದರು.

"ಎಡಗಡೆ ಫ್ಯಾನ್ ತಿರುಗ್ತಾ ಇಲ್ಲ ಅಂದೆ ಸಾರ್."

ಹುಡುಗ ಪಾಸಾದ. ಇಂಥ ಕಥೆಗಳನ್ನು ಹೊತ್ತುಕೊಂಡು ಅವರು ನೇರ ಚಿಂತಾಮಣಿಯ ನಮ್ಮ ಮನೆಗೆ ಬರುತ್ತಿದ್ದರು. ನಾನು ಇಲ್ಲಿ ಹೈಸ್ಕೂಲು ಟೀಚರು. ಊರಿನ ಬಸ್ಸು ಹೊರಡುವ ತನಕ ಅವರಿಗೆ ಕಾಫಿ ಕೊಟ್ಟು, ಕಥೆ ಕೇಳಿ, ಅದನ್ನೇ ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ನಟಿಸಿ ತೋರಿಸಿ ಎಲ್ಲರನ್ನೂ ನಗಿಸುವುದು ನನ್ನ ಪದ್ಧತಿ.

ಹೋದ ವರ್ಷ ಪರೀಕ್ಷೆ ಮುಗಿಸಿ ಬಂದಾಗ ಅವರ ಬಳಿ ಕಥೆ ಇರಲಿಲ್ಲ. ಕಾಫಿ ಲೋಟ ಹಿಡಿದು ಸುಮ್ಮನೆ ಕೂತಿದ್ದರು. ನನ್ನ ಮುಂದೆ ಉತ್ತರಪತ್ರಿಕೆಗಳ ಕಟ್ಟು ಇತ್ತು.

"ಇವತ್ತು ಒಂದು ಹೆಣ್ಮಗು ಬಂದಿತ್ತು ಕಣಮ್ಮ" ಎಂದರು. "ಎಡಗಡೆದು ಸರಿಯಾಗೇ ಹಿಡೀತು. ಆಮೇಲೆ ಬೆನ್ನಲ್ಲಿ ಬಲಗಡೆ ಕೆಳಗೆ ತಟ್ಟಿ, ಇಲ್ಲೂ ಸದ್ದು ಮಂದ ಇದೆ ಅಂತು. ನಾನು, ಅಲ್ಲೇನಿಲ್ಲಮ್ಮ, ಎಡಗಡೆದಷ್ಟೇ ಹೇಳು, ಫೇಲಾಗೋಗ್ತೀಯಾ ಅಂದೆ. ಪಾಪ, ನನ್ನ ಮಾತು ಕೇಳ್ತು."

"ಒಳ್ಳೇದಾಯ್ತಲ್ಲ, ಇನ್ನೊಬ್ರು ಪಾಸು" ಎಂದೆ.

"ಅದಲ್ಲಮ್ಮ. ಬಸ್ಸಲ್ಲಿ ಬರ್ತಾ ಯೋಚ್ನೆ ಬಂತು. ಈಗ ಮೆಟ್ಲು ಹತ್ತಿದ್ರೆ ಆಯಾಸ ಆಗ್ತದೆ. ಬೆನ್ನಲ್ಲಿ ಆ ಜಾಗಕ್ಕೆ ನನ್ ಕೈ ಎಟುಕಲ್ಲ, ನಿಮ್ ದೊಡ್ಡಮ್ಮಂಗೆ ಮಿಕ್ಸಿ ಸದ್ದೇ ಕೇಳಲ್ಲ. ನೀನೊಂಚೂರು ತಟ್ಟಿ ನೋಡ್ತೀಯಾ?"

ಅವರು ಆಗಲೇ ಅಂಗಿಯ ಗುಂಡಿಗೆ ಕೈ ಹಾಕಿದ್ದರು.

ನಾನು ನಕ್ಕೆ. "ದೊಡ್ಡಪ್ಪ, ನಿಮ್ಮ ಪರೀಕ್ಷೆ ಮುಗೀತು. ನಂದಿನ್ನೂ ಇಪ್ಪತ್ತು ಪೇಪರ್ ಉಳಿದಿದೆ" ಎಂದೆ.

ಅವರೂ ನಕ್ಕರು. ಬಿಚ್ಚಿದ ಗುಂಡಿಯನ್ನು ಹಾಕಿಕೊಂಡರು. "ಹೌದು ಹೌದು, ಮಕ್ಕಳ ಪೇಪರ್ರು, ನಿಧಾನವಾಗಿ ನೋಡು" ಎಂದು ಲೋಟವನ್ನು ತಾವೇ ತೊಳೆದಿಟ್ಟು ಬಸ್ಸಿಗೆ ಹೊರಟರು. ಬಾಗಿಲ ತನಕವೂ ನಾನು ಎದ್ದು ಹೋಗಲಿಲ್ಲ.

ಮೂರು ತಿಂಗಳಾದ ಮೇಲೆ, ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ ಕೂತವರು ಉಸಿರು ಸಾಲದೆ ಮೇಲೇಳಲಿಲ್ಲ. ಅದೇ ಆಸ್ಪತ್ರೆಗೆ ಸೇರಿಸಿದೆವು. ಬಲಗಡೆ ಎದೆಯ ತುಂಬ ನೀರು, ನೀರಿನ ಹಿಂದೆ ಗಡ್ಡೆ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಸ್ವಲ್ಪ ಮುಂಚೆ ಬಂದಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು. ಅವರಿಗೆ ನಾನು ಆ ಇಪ್ಪತ್ತು ಪೇಪರಿನ ವಿಷಯ ಹೇಳಲಿಲ್ಲ. ದೊಡ್ಡಮ್ಮನಿಗೂ ಹೇಳಿಲ್ಲ. ಯಾರಿಗಾದರೂ ಹೇಳುತ್ತಿರುವುದು ಇದೇ ಮೊದಲು.

ವಾರ್ಡಿನಲ್ಲಿ ಎರಡನೆಯ ದಿನ ಬಿಳಿ ಕೋಟಿನ ಒಬ್ಬ ಹುಡುಗಿ ರಕ್ತ ತೆಗೆಯಲು ಬಂದಳು. ದೊಡ್ಡಪ್ಪ ಅವಳ ಮುಖವನ್ನೇ ನೋಡಿ, "ನೀನೇ ಅಲ್ವೇನಮ್ಮ?" ಎಂದರು. ಪರೀಕ್ಷೆಯ ದಿನ ಬಲಗಡೆ ತಟ್ಟಿದ್ದವಳು ಅವಳೇ. ಪಾಸಾಗಿ ಅಲ್ಲಿಯೇ ಹೌಸ್ ಸರ್ಜನ್ ಆಗಿದ್ದಳು. ಅವಳು ಕೇಸ್ ಶೀಟು ತಿರುವಿದಳು. ಓದುತ್ತಾ ಓದುತ್ತಾ ಅವಳ ಮುಖ ಬಿಳಿಚಿಕೊಂಡಿತು.

"ನೀನು ಹೇಳಿದ್ದೇ ಸರಿ ಇತ್ತಮ್ಮ" ಎಂದರು ದೊಡ್ಡಪ್ಪ, ಒಂದೊಂದು ಪದಕ್ಕೂ ನಿಂತು. "ನಾನೇ ತಪ್ಪು ಹೇಳ್ಕೊಟ್ಟೆ."

"ನಾನು ಇನ್ನೊಂದ್ಸಲ ಹೇಳ್ಬೇಕಿತ್ತು ತಾತ. ಭಯ ಆಯ್ತು."

"ಭಯ ಪಡೋ ವಯಸ್ಸು, ಬಿಡು. ಇನ್ಮೇಲೆ ಪೇಷೆಂಟು ಏನಾದ್ರೂ ಹೇಳ್ಲಿ, ನಿನ್ನ ಕೈಗೆ ಸಿಕ್ಕಿದ್ದನ್ನ ಬಿಡ್ಬೇಡ."

ಅವಳು ತಲೆಯಾಡಿಸಿದಳು. ರಕ್ತದ ಸೀಸೆ ಹಿಡಿದು ಕಾರಿಡಾರಿಗೆ ಹೋಗಿ, ಕಿಟಕಿಯ ಹತ್ತಿರ ಬೆನ್ನು ತಿರುಗಿಸಿ ಬಹಳ ಹೊತ್ತು ನಿಂತಿದ್ದಳು. ಅವಳಿಗಾದರೆ ಭಯವಿತ್ತು. ನನಗೆ ಏನಿತ್ತು? ದೊಡ್ಡಪ್ಪ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ನಾನು ಬಾಯಿ ತೆರೆದಾಗ, "ಸ್ಕೂಲಿಗೆ ರಜ ಹಾಕಿದೀಯೇನಮ್ಮ, ತೊಂದ್ರೆ ಆಗಲ್ವಾ?" ಎಂದು ಕೇಳಿದರು.

ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ಅವರು ಹಗಲೂ ಇರುಳೂ ಕೂತೇ ಇರಬೇಕಿತ್ತು. ಆ ಮಧ್ಯಾಹ್ನ ದಿಂಬುಗಳು ಜಾರುತ್ತಿದ್ದವು. ನಾನು ಮಂಚ ಹತ್ತಿ ಅವರ ಹಿಂದೆ ಕೂತು, "ಒರಗಿಕೊಳ್ಳಿ ದೊಡ್ಡಪ್ಪ" ಎಂದೆ. ಮೊದಲು ಸಂಕೋಚಪಟ್ಟರು, ಆಮೇಲೆ ಮೆಲ್ಲಗೆ ಭಾರ ಬಿಟ್ಟರು. ಅವರ ಬೆನ್ನು ಇಷ್ಟು ಹಗುರವಾಗಿದೆಯೆಂದು ನನಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ, ಎರಡು ದಿನಗಳಲ್ಲಿ ಮೊದಲ ಸಲ, ಅವರಿಗೆ ನಿದ್ದೆ ಹತ್ತಿತು. ನರ್ಸು ಬಂದು ಎಬ್ಬಿಸಲೇ ಎಂದು ಸನ್ನೆ ಮಾಡಿದಳು. ನಾನು ಬೇಡವೆಂದು ತಲೆಯಾಡಿಸಿದೆ. ಕಾಲು ಜೋಮು ಹಿಡಿಯಿತು, ಕಿಟಕಿಯ ಬಿಸಿಲು ಗೋಡೆ ದಾಟಿ ಹೋಯಿತು. ಅವರು ಉಸಿರಾಡುತ್ತಿದ್ದ ಹಾಗೆಯೇ ನಾನೂ ಉಸಿರಾಡುತ್ತಾ, ಅಲುಗಾಡದೆ ಕೂತಿದ್ದೆ.