ನಾಲ್ಕು ಗ್ರಾಮಿನ ಭಾರ

ಗಡಿಯಾರದ ರಾಯರು ಗೋಡೆಗೆ ಮೊಳೆ ಹೊಡೆದಾಗ ಓಟಕ್ಕೆ ಇನ್ನೂ ಮೂರು ತಿಂಗಳಿತ್ತು. ನಡುಮನೆಯಲ್ಲಿ ಬಂದವರ ಕಣ್ಣಿಗೆ ಥಟ್ಟನೆ ಬೀಳುವ ಜಾಗ ಹುಡುಕಿ, ಸ್ಟೂಲು ಹತ್ತಿ, ಮೂರು ಸಲ ಅಳೆದು ಹೊಡೆದರು.

"ಅದಕ್ಕೇನು ನೇತುಹಾಕ್ತೀಯೋ?" ಅವರ ತಾಯಿ ಕೇಳಿದರು.

"ಮೆಡಲ್ ಅಮ್ಮಾ. ಹಾಫ್ ಮ್ಯಾರಥಾನ್ ಮುಗಿಸಿದವರಿಗೆ ಕೊಡ್ತಾರೆ."

"ಎಲ್ಲಿದೆ?"

"ಬರುತ್ತೆ."

ತಾಯಿ ಒಮ್ಮೆ ಮೊಳೆಯನ್ನು ನೋಡಿದರು, ಒಮ್ಮೆ ಮಗನ ಹೊಟ್ಟೆಯನ್ನು ನೋಡಿದರು. "ಅಲ್ಲೀವರೆಗೆ ನನ್ನ ಛತ್ರಿ ಹಾಕ್ಕೊಳ್ಳಲಾ?"

ರಾಯರು ಗಡಿಯಾರ ರಿಪೇರಿಯವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೂವತ್ತು ವರ್ಷದಿಂದ ಒಂದೇ ಕುರ್ಚಿಯಲ್ಲಿ ಕೂತು, ಒಂದೇ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಎಳ್ಳಿಗಿಂತ ಸಣ್ಣ ಹಲ್ಲಿನ ಚಕ್ರಗಳ ಜೊತೆ ಬಾಳುವೆ ಮಾಡಿದವರು. ಒಂದು ದಿನ ಗಿರಾಕಿಯೊಬ್ಬ ಗಾಜು ಒಡೆದ ಕೈಗಡಿಯಾರ ತಂದು, "ಓಡುವಾಗ ಬಿದ್ದೆ, ಇಪ್ಪತ್ತೊಂದು ಕಿಲೋಮೀಟರಿನ ಓಟ" ಅಂದ. ರಾಯರ ಕಣ್ಣಿನಿಂದ ಭೂತಗನ್ನಡಿ ಕಳಚಿ ಮೇಜಿನ ಮೇಲೆ ಬಿತ್ತು. ಇಪ್ಪತ್ತೊಂದು ಕಿಲೋಮೀಟರು! ಅದೂ ಕಾಲಲ್ಲಿ! ಬಸ್ಸಿನಲ್ಲಿ ಅಷ್ಟು ದೂರ ಹೋಗಿ ಬಂದರೆ ರಾಯರು ಮರುದಿನ ಅಂಗಡಿ ತೆರೆಯುತ್ತಿರಲಿಲ್ಲ. ಒಂದು ವಾರ ಆ ಸಂಖ್ಯೆಯನ್ನೇ ಬೆರಗಿನಿಂದ ಜಪಿಸಿದರು. ಎಂಟನೆಯ ದಿನ ಹೆಸರು ಕೊಟ್ಟು ಬಂದರು.

ಅಲ್ಲಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಏಳುವುದು ಐದೂ ಹತ್ತಕ್ಕೆ, ಹಲ್ಲುಜ್ಜುವುದು ಐದೂ ಹದಿನಾಲ್ಕಕ್ಕೆ. (ನಡುವಿನ ನಾಲ್ಕು ನಿಮಿಷ ಏಳಲೋ ಬೇಡವೋ ಎಂಬ ಚಿಂತನೆಗೆ.) ಓಡಿ ಬಂದವರು ಸಾಮ್ರಾಜ್ಯ ಗೆದ್ದವರ ಹಾಗೆ ಸೋಫಾದಲ್ಲಿ ಕಾಲು ಚಾಚುತ್ತಿದ್ದರು. ಅವರ ಹೆಂಡತಿ ಟಪಾಲು ಹಂಚುವ ಕೆಲಸದವಳು, ಬೀದಿಗೆಲ್ಲ ಟಪಾಲಮ್ಮ. ಆಕೆ ನಾಲ್ಕು ಗಂಟೆಗೆ ಮನೆಗೆ ಬಂದು, ಬಕೆಟ್ಟಿಗೆ ಬಿಸಿನೀರು ಸುರಿದು, ಕಾಲು ಮುಳುಗಿಸಿ ಕೂರುತ್ತಿದ್ದಳು.

"ನೀರು ಚೆಲ್ಲಬೇಡ ಮಾರಾಯ್ತಿ," ಎಂದು ರಾಯರು ಎಚ್ಚರಿಸುತ್ತಿದ್ದರು. "ನಾನು ಜಾರಿಬಿದ್ರೆ ಇಷ್ಟು ದಿನದ ತಾಲೀಮು ಮಣ್ಣುಪಾಲು."

"ಚೆಲ್ಲಲ್ಲ ರೀ," ಎಂದು ಆಕೆ ಬಕೆಟ್ಟನ್ನು ಗೋಡೆಯ ಕಡೆಗೆ ಸರಿಸಿಕೊಳ್ಳುತ್ತಿದ್ದಳು.

ಓಟ ಹತ್ತಿರವಾದಂತೆ ರಾಯರಿಗೆ ತೂಕದ ಹುಚ್ಚು ಹತ್ತಿತು. ಗಡಿಯಾರದ ಬಿಡಿಭಾಗ ತೂಗುವ ಪುಟ್ಟ ತಕ್ಕಡಿಯಲ್ಲಿ ಕಾಲುಚೀಲ ತೂಗಿದರು, ಕರವಸ್ತ್ರ ತೂಗಿದರು. ಮೀಸೆಯನ್ನು ಮುಖದ ಮೇಲಿದ್ದ ಹಾಗೇ ತೂಗುವ ಉಪಾಯ ಇಲ್ಲದ್ದರಿಂದ ಬೋಳಿಸಿ ತೂಗಿದರು. ಒಂದು ಗ್ರಾಮೂ ಬರಲಿಲ್ಲ. ಹಾಳಾಗಿ ಹೋಗಲಿ, ಅಷ್ಟಾದರೂ ಹಗುರ.

ಹಿಂದಿನ ದಿನ ಓಟದವರ ಲಕೋಟೆ ಬಂತು. ಎದೆಗೆ ಸಿಕ್ಕಿಸುವ ಸಂಖ್ಯೆ, ಜೊತೆಗೆ ಒಂದು ಪ್ಲಾಸ್ಟಿಕ್ ಚೂರು.

"ಇದು ಚಿಪ್ಪಂತೆ ರೀ," ಟಪಾಲಮ್ಮ ಚೀಟಿ ಓದಿದಳು. "ನಿಮ್ಮ ಟೈಮು ಇದರಲ್ಲೇ ದಾಖಲಾಗೋದಂತೆ. ಶೂ ಲೇಸಿಗೆ ಕಟ್ಕೊಳ್ಳಿ ಅಂತ ಬರೆದಿದ್ದಾರೆ."

ರಾಯರಿಗೆ ರೇಗಿತು. "ಮೂವತ್ತು ವರ್ಷದಿಂದ ಊರಿಗೆಲ್ಲ ಟೈಮು ಸರಿ ಮಾಡಿಕೊಟ್ಟೋನು ನಾನು. ನನಗೆ ಈ ಚೂರು ಟೈಮು ಹೇಳುತ್ತಾ? ನನ್ನ ಕೈಗಡಿಯಾರ ಏನು ಸತ್ತುಹೋಗಿದೆಯಾ?" ತಕ್ಕಡಿಗೆ ಹಾಕಿದರು. "ನಾಲ್ಕು ಗ್ರಾಂ! ಇಪ್ಪತ್ತೊಂದು ಕಿಲೋಮೀಟರ್ ಇದನ್ನ ಹೊರೋದು ಯಾರು?"

"ಬರೆದಿದ್ದಾರಲ್ಲ ರೀ..."

"ಬರೆದಿದ್ದನ್ನ ತಲುಪಿಸೋದು ನಿನ್ನ ಕೆಲಸ. ಟೈಮು ನನ್ನ ಕೆಲಸ. ಕಳೀಬೇಡ, ನಿನ್ನ ಚೀಲದಲ್ಲಿ ಹಾಕ್ಕೋ."

ಆ ಚೀಲಕ್ಕೆ ಅಷ್ಟರಲ್ಲೇ ರಾಯರು ತಮಗೆ ಭಾರವೆನಿಸಿದ್ದನ್ನೆಲ್ಲ ತುಂಬಿಸಿದ್ದರು.

ಭಾನುವಾರ ಬೆಳಿಗ್ಗೆ ಏಳಕ್ಕೆ ಓಟ. ಹತ್ತೂವರೆಗೆ ಗೆರೆ ಮುಚ್ಚುತ್ತದೆ, ಆಮೇಲೆ ದಾಟಿದವರಿಗೆ ಮೆಡಲ್ ಇಲ್ಲ. ರಾಯರು ಹಿಮ್ಮಡಿ ಎತ್ತಿ ಸುತ್ತಲೂ ನೋಡಿದರು. ಸಾವಿರಾರು ಜೊತೆ ಕಾಲು! ಒಂದೊಂದು ಮೊಣಕಾಲೂ ಎಣ್ಣೆ ಹಾಕಿದ ಯಂತ್ರ. ಇಷ್ಟು ಮಂದಿ ಇಷ್ಟು ಬೇಗ ಎದ್ದಿರುವುದೇ ಒಂದು ಪವಾಡ ಎನಿಸಿತು ಅವರಿಗೆ.

ಟಪಾಲಮ್ಮ ಬಸ್ಸಿನಲ್ಲಿ ಹೋಗಿ ಕೊನೆಯ ಗೆರೆಯ ಹತ್ತಿರ ಕಾಯುವುದೆಂದು ಮಾತಾಗಿತ್ತು. ರಸ್ತೆ ಮುಚ್ಚಿದ್ದರು, ಬಸ್ಸಿರಲಿಲ್ಲ.

"ಹಿಂದೇನೇ ನಡ್ಕೊಂಡು ಬರ್ತೀನಿ ಬಿಡಿ."

ರಾಯರಿಗೆ ಅಯ್ಯೋ ಅನಿಸಿತು. "ಸುಸ್ತಾದ್ರೆ ಎಲ್ಲಾದ್ರೂ ಕೂತ್ಕೋ."

ಸೀಟಿ ಊದಿದರು. ಗೆರೆ ದಾಟಿದವರ ಕಾಲಿನಿಂದೆಲ್ಲ ಕುಂಯ್ ಕುಂಯ್ ಎಂಬ ಸದ್ದು. ರಾಯರು ಸದ್ದಿಲ್ಲದೆ ದಾಟಿದರು. ತಮ್ಮ ಹೆಜ್ಜೆಯೇ ಅಷ್ಟು ನಯ ಎಂದುಕೊಂಡರು. ಅವರ ಹಿಂದೆ ನೂಕುನುಗ್ಗಲಲ್ಲಿ ಟಪಾಲಮ್ಮನೂ ದಾಟಿದಳು. ಚೀಲ ಕುಂಯ್ ಅಂದದ್ದು ಯಾರಿಗೂ ಕೇಳಲಿಲ್ಲ.

ಐದು ಕಿಲೋಮೀಟರು ರಾಯರು ಗಾಳಿಯಾದರು. ಎಂಟರಲ್ಲಿ ಗಾಳಿ ಬಾಯಿಂದ ಹೊರಟಿತು. ಹತ್ತರಲ್ಲಿ ಮಗುವಿನ ಕೈಗಾಡಿ ತಳ್ಳುತ್ತಿದ್ದ ಒಬ್ಬಾಕೆ ಅವರನ್ನು ದಾಟಿದಳು, ಮಗು ಕೈಬೀಸಿತು. ಹದಿಮೂರರಲ್ಲಿ ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಸಿದು ಕೈಗಡಿಯಾರ ನೋಡಿಕೊಂಡರು. ಬೆವರು ಒಳಗಿಳಿದು ಮುಳ್ಳು ನಿಂತಿತ್ತು. ಮೂವತ್ತು ವರ್ಷದಲ್ಲಿ ಮೊದಲ ಸಲ ಗಡಿಯಾರದ ರಾಯರಿಗೆ ಗಂಟೆ ಎಷ್ಟೆಂದು ಗೊತ್ತಿರಲಿಲ್ಲ. ಮನೆಯ ಮೊಳೆ ಕಣ್ಣ ಮುಂದೆ ಬಂತು, ಅದರಲ್ಲಿ ಛತ್ರಿ ತೂಗುತ್ತಿತ್ತು. ಅಳು ಬಂತು.

"ಇಲ್ಲಿ ಕೂತಿದ್ದೀರಾ?"

ತಲೆಯೆತ್ತಿದರೆ ಟಪಾಲಮ್ಮ. ಹೆಗಲಲ್ಲಿ ಚೀಲ, ಉಸಿರು ಸಲೀಸು.

"ಟೈಮೆಷ್ಟೇ?"

ಆಕೆ ಎದುರು ಮನೆಯತ್ತ ಕಣ್ಣು ಹಾಯಿಸಿದಳು. ಅದು ಆಕೆ ದಿನಾ ಟಪಾಲು ಹಂಚುವ ಬೀದಿ. "ನೀಲಿ ಗೇಟಿನ ಅಜ್ಜಿ ಕುಂಡಕ್ಕೆ ನೀರು ಹಾಕ್ತಿದ್ದಾರೆ. ಎರಡನೇ ಕುಂಡ. ಒಂಬತ್ತೂ ಐದು. ಏಳಿ, ಇನ್ನೂ ಹೊತ್ತಿದೆ."

ಮೂಲೆ ತಿರುಗಿದರೆ ಓಟದವರ ದೊಡ್ಡ ಗಡಿಯಾರ. ಒಂಬತ್ತೂ ಏಳು. ರಾಯರ ಮೈ ಜುಮ್ಮೆಂದಿತು. ಕೀಲಿಯಿಲ್ಲ, ಮುಳ್ಳಿಲ್ಲ, ಒಬ್ಬ ಅಜ್ಜಿ ಮತ್ತು ಎರಡು ಕುಂಡ!

"ಎಂಟು ಕಿಲೋಮೀಟರ್ ಇದೆ ಕಣೇ, ನನ್ನ ಕೈಲಾಗಲ್ಲ."

"ಅಷ್ಟುದ್ದ ಯಾಕೆ ನೋಡ್ತೀರಿ? ಮುಂದಿನ ಗೇಟು ನೋಡಿ. ಅಲ್ಲಿಗೊಂದು ಕಾಗದ ಕೊಡೋದಿದೆ ಅಂದ್ಕೊಳ್ಳಿ. ಕೊಟ್ಟಾದ ಮೇಲೆ ಅದರ ಮುಂದಿನ ಗೇಟು."

ರಾಯರು ಗೇಟಿನಿಂದ ಗೇಟಿಗೆ ನಡೆದರು. ಓಟಗಾರರನ್ನೆಲ್ಲ ಬೊಗಳಿ ಅಟ್ಟುತ್ತಿದ್ದ ನಾಯಿಯೊಂದು ಟಪಾಲಮ್ಮನನ್ನು ಕಂಡು ಬಾಲ ಆಡಿಸಿತು.

"ನಾವು ಓಡೋ ಹಾಗಿಲ್ಲ," ಎಂದಳು. "ಓಡಿದ್ರೆ ನಾಯಿ ಬೆನ್ನು ಹತ್ತುತ್ತೆ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನಾನೂ ಓಡಿಲ್ಲ ನಾನು."

"ದಿನಾ ಎಷ್ಟು ನಡೀತೀಯ?"

"ಯಾರಿಗೆ ಗೊತ್ತು ರೀ. ಯಾರೂ ಅಳೆದಿಲ್ಲ."

ಮೀಸೆಯನ್ನೂ ಅಳೆದ ರಾಯರಿಗೆ ಆ ಮಾತು ಸೀದಾ ಎದೆಗೆ ಬಿತ್ತು. ಹತ್ತೊಂಬತ್ತು ವರ್ಷ, ಈ ಕಾಲು, ಈ ಚೀಲ. ತಾವು ಕಂಡದ್ದು ಬಕೆಟ್ಟು ಮಾತ್ರ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಬೆರಗಾಯಿತು. ಲೋಕದ ಅದ್ಭುತವೊಂದು ತಮ್ಮ ಮನೆಯಲ್ಲೇ ಪಾತ್ರೆ ತೊಳೆದುಕೊಂಡಿತ್ತಲ್ಲ! (ಇಲ್ಲಿಂದ ಮುಂದೆ ಟಪಾಲಮ್ಮನವರಿಗೆ ಬಹುವಚನ. ರಾಯರ ಅಪ್ಪಣೆ.)

ಕೊನೆಯ ಗೆರೆ ಕಂಡದ್ದೇ ರಾಯರಿಗೆ ಎಲ್ಲಿಂದಲೋ ಬಲ ಬಂತು. ಹೆಂಡತಿಯನ್ನು ಬಿಟ್ಟು ಓಡಿದರು, ಕೈಯೆತ್ತಿ ಗೆರೆ ದಾಟಿದರು. ಗಡಿಯಾರದಲ್ಲಿ ಹತ್ತೂ ಇಪ್ಪತ್ತೆಂಟು! ಮೆಡಲ್ ಹಿಡಿದು ನಿಂತಿದ್ದ ಹುಡುಗಿಯ ಮುಂದೆ ಕುತ್ತಿಗೆ ಬಗ್ಗಿಸಿದರು.

ಮೆಡಲ್ ಬೀಳಲಿಲ್ಲ.

"ಸರ್, ಸದ್ದು ಬರಲಿಲ್ಲ. ನಿಮ್ಮ ಚಿಪ್ ಎಲ್ಲಿ?"

"ಚೀಲದಲ್ಲಿ... ಯಾಕೆ? ದಾಟಿದ್ದೀನಲ್ಲಮ್ಮ, ಕಣ್ಣಿಗೆ ಕಾಣಲ್ವಾ?"

"ನಮ್ಮ ಮಷೀನಿಗೆ ಕಾಣಲ್ಲ ಸರ್. ಚಿಪ್ ದಾಟಿದ್ರೆ ಮಾತ್ರ ಲೆಕ್ಕ."

ಐವತ್ತು ಹೆಜ್ಜೆ ಹಿಂದೆ ಕಾವಲುಗಾರನೊಬ್ಬ ಎದೆಯಲ್ಲಿ ಸಂಖ್ಯೆಯಿಲ್ಲವೆಂದು ಟಪಾಲಮ್ಮನವರನ್ನು ತಡೆದು ನಿಲ್ಲಿಸಿದ್ದ. ಹತ್ತೂ ಇಪ್ಪತ್ತೊಂಬತ್ತು.

"ಓಡೇ!" ರಾಯರು ಕಿರುಚಿದರು. ಆಮೇಲೆ ತಪ್ಪಾಯಿತೆನಿಸಿ, ಮದುವೆಯಾದಂದಿನಿಂದ ಒಮ್ಮೆಯೂ ಆಡದ ಮಾತಾಡಿದರು. "ಓಡಿ! ದಯವಿಟ್ಟು ಓಡಿ!"

ಟಪಾಲಮ್ಮನವರು ಓಡಲಿಲ್ಲ. ಕಾವಲುಗಾರನಿಗೆ ಚೀಲ ತೋರಿಸಿ, "ಅಲ್ಲಿಗೊಂದು ತಲುಪಿಸೋದಿದೆಯಪ್ಪ," ಎಂದರು. ಹತ್ತೊಂಬತ್ತು ವರ್ಷದಲ್ಲಿ ಆ ದನಿಗೆ ತೆರೆಯದ ಗೇಟಿಲ್ಲ. ಅವನೂ ಸರಿದು ನಿಂತ. ಅದೇ ನಡಿಗೆ, ಅದೇ ಹೆಜ್ಜೆ. ರಾಯರು ಸೆಕೆಂಡು ಎಣಿಸಿದರು. ನಲವತ್ತೆಂಟು, ನಲವತ್ತೊಂಬತ್ತು...

ಚೀಲ ಕುಂಯ್ ಅಂತು. ಸುತ್ತಲಿನವರು ಚಪ್ಪಾಳೆ ತಟ್ಟಿದರು. ಹುಡುಗಿ ಮೆಡಲನ್ನು ಟಪಾಲಮ್ಮನವರ ಕೊರಳಿಗೆ ಹಾಕಿಬಿಟ್ಟಳು.

"ಅಯ್ಯೋ, ಇದು ಇವರದಮ್ಮ," ಎಂದು ಅವರು ತೆಗೆಯಹೋದರು.

"ಇರಲಿ," ಎಂದರು ರಾಯರು. "ಇರಲಿ ಬಿಡಿ. ಚೀಲ ಇತ್ತ ಕೊಡಿ, ನಾನು ಹಿಡ್ಕೋತೀನಿ."

ಹೆಗಲಿಗೇರಿಸಿದರು, ಚೀಲದ ಜೊತೆಗೇ ನೆಲಕ್ಕೆ ಕೂತರು. "ಏನ್ರೀ ಇದೆ ಇದರಲ್ಲಿ!"

"ನಿಮ್ಮ ಇನ್ನೊಂದು ಜೊತೆ ಶೂ, ಮೂರು ಬಾಟಲಿ ನೀರು, ಬಟ್ಟೆ, ಟವೆಲು, ಮುಲಾಮಿನ ಡಬ್ಬಿ. ಭಾರ ಅಂತ ನೀವೇ ಹಾಕಿದ್ದು. ಹಾಂ, ಆ ನಾಲ್ಕು ಗ್ರಾಂ ಬೇರೆ."

ಮನೆಯಲ್ಲಿ ತಾಯಿ ಮಗನ ಮುಖ ನೋಡಿದರು, ಸೊಸೆಯ ಕೊರಳು ನೋಡಿದರು, ಮೊಳೆಯಿಂದ ಛತ್ರಿ ತೆಗೆದರು.

ಸಂಜೆ ನಾಲ್ಕಕ್ಕೆ ಬಕೆಟ್ಟಿನ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕೂತವರು ರಾಯರು. ಗೋಡೆಯ ಮೇಲಿನ ಮೆಡಲನ್ನು ಬಾಯಿ ತೆರೆದು ನೋಡುತ್ತಿದ್ದರು. ಆಚೆ ದಾಟುತ್ತಿದ್ದ ಟಪಾಲಮ್ಮನವರು ಸೆರಗು ಎತ್ತಿ ಹಿಡಿದು ಹೇಳಿದರು:

"ರೀ, ನೀರು ಚೆಲ್ಲಬೇಡಿ. ನಾನು ಜಾರಿಬಿದ್ರೆ ನಾಳೆ ಟಪಾಲು ಯಾರು ಕೊಡ್ತಾರೆ?"

"ಚೆಲ್ಲಲ್ಲ," ಎಂದು ರಾಯರು ಬಕೆಟ್ಟನ್ನು ಗೋಡೆಯ ಕಡೆಗೆ ಸರಿಸಿಕೊಂಡರು.