ಮುರಿದ ಕುರ್ಚಿ ನೋಡಲು ಹೋದವರು

ಎಲ್ಲದಕ್ಕೂ ಕಾರಣ ಆ ರಾಕ್ ಬ್ಯಾಂಡಿನವರು ತಮಗೆ ತಾವೇ ಇಟ್ಟುಕೊಂಡ ಹೆಸರು. ಗುಡುಗು ಅಂತಲೋ ಬಿರುಗಾಳಿ ಅಂತಲೋ ಇಟ್ಟುಕೊಂಡಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಅವರು ‘ಮುರಿದ ಕುರ್ಚಿ’ ಎಂದು ಇಟ್ಟುಕೊಂಡರು. ಆ ಬ್ಯಾಂಡಿನ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿದ್ದವರೋ, ಬೀದಿಯ ಮೂಲೆಯ ಅಂಗಡಿಯಲ್ಲಿ ಕೂತು ಮುರಿದ ಕುರ್ಚಿ ರಿಪೇರಿ ಮಾಡುವವರು.

ಬೀದಿಯಲ್ಲಿ ಎಲ್ಲರೂ ಅವರನ್ನು ಕುರ್ಚಿಯವರು ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುವಳು. ತಲೆ ಮುಕ್ಕಾಲು ನರೆತಿತ್ತು. ಆದರೂ ಅಂಗಡಿಯ ಹಳೇ ಟೇಪ್ ರೆಕಾರ್ಡರಿನಲ್ಲಿ ಆ ಬ್ಯಾಂಡಿನ ಕ್ಯಾಸೆಟ್ ಸುತ್ತುತ್ತಲೇ ಇರುತ್ತಿತ್ತು. ಎದುರಿನ ದರ್ಜಿ ಎಷ್ಟೋ ಸಲ, “ಗರಗಸದ ಸದ್ದು ಯಾವುದು, ಹಾಡು ಯಾವುದು ಅಂತ ಒಂದು ಬೋರ್ಡಾದ್ರೂ ಹಾಕಿ ಮಾರಾಯ್ರೆ,” ಎಂದಿದ್ದ.

ಅವರ ಪ್ರಾಣವಿದ್ದದ್ದು ಹಾಡಿನಲ್ಲೂ ಅಲ್ಲ, ಕೊನೆಯ ಹಾಡಿನ ಕೊನೆಯಲ್ಲಿ. ಅಲ್ಲಿ ಹಾಡುಗಾರ ವೇದಿಕೆಯ ಮೇಲೆ ಒಂದು ಕುರ್ಚಿಯನ್ನು ಎತ್ತಿ ಒಗೆದು ಮುರಿಯುತ್ತಾನೆ. ಕ್ಯಾಸೆಟ್ಟಿನಲ್ಲಿ ಮೊದಲು ಕಿರ್ರ್ ಎಂದು ಒಂದು ನರಳಾಟ, ಆಮೇಲೆ ಚಟ್, ಆಮೇಲೆ ಧಡಾರ್. ಆ ಕಿರ್ರ್ ಬಂದಾಗಲೆಲ್ಲ ಕುರ್ಚಿಯವರ ಕೈಯಲ್ಲಿದ್ದ ಅಂಟಿನ ಕುಂಚ ಗಾಳಿಯಲ್ಲೇ ನಿಲ್ಲುತ್ತಿತ್ತು. ಮೊದಲು ಹೋಗಿದ್ದು ಕಾಲೋ ಬೆನ್ನೋ? ಕೀಲು ಬಿಚ್ಚಿತೋ, ಮರವೇ ಸೀಳಿತೋ? ಯಾರನ್ನು ಕೇಳುವುದು. ಜನ ಮನೆಯಲ್ಲಿ ಕೂತು ಮುರಿಯುತ್ತಾರೆ, ಮುರಿದ ಮೇಲೆ ಅಂಗಡಿಗೆ ತರುತ್ತಾರೆ. ಇಷ್ಟು ವರ್ಷ ಇದೇ ಕಸುಬಿನಲ್ಲಿ ಬೆನ್ನು ಬಾಗಿಸಿದ್ದರೂ ಅವರು ಮುರಿದ ಕುರ್ಚಿ ನೋಡಿದ್ದರೇ ಹೊರತು ಕುರ್ಚಿ ಮುರಿಯುವುದನ್ನು ಒಂದು ಸಲವೂ ಕಣ್ಣಾರೆ ಕಂಡಿರಲಿಲ್ಲ. ಎಲ್ಲರ ಮದುವೆಗೂ ಮಾರನೆಯ ದಿನ ಹೋದವರ ಹಾಗೆ ಬದುಕು ಕಳೆದಿತ್ತು.

ಹೀಗಿರುವಾಗ, ವಯಸ್ಸಾಯಿತು, ಇದೇ ಕೊನೆಯ ಆಟ ಎಂದು ಬ್ಯಾಂಡಿನವರು ಸಾರಿದರು. ಪಕ್ಕದೂರಿನಲ್ಲಿ, ಭಾನುವಾರ ಮಧ್ಯಾಹ್ನ. ಮೊದಲು ‘ಕಬ್ಬಿಣದ ಕಡಲೆ’ ಎಂಬ ಇನ್ನೊಂದು ಬ್ಯಾಂಡು, ಅದೂ ಇವರಿಗೆ ಇಷ್ಟದ್ದೇ. ಆಮೇಲೆ ‘ಮುರಿದ ಕುರ್ಚಿ’. ಕುರ್ಚಿಯವರು ಮುಂದಿನ ಸಾಲಿನ ಟಿಕೆಟ್ಟು ತರಿಸಿ ಒಳಜೇಬಿಗೆ ಸೇರಿಸಿದರು. ಹೆಂಡತಿಗೆ ಹೇಳಿದರೆ ಬೇಡ ಎನ್ನುವವಳಲ್ಲ. ಆದರೆ ಬೀದಿಗೆಲ್ಲ ಹೇಳುವವಳು.

“ಭಾನುವಾರ ಪಕ್ಕದೂರಿಗೆ ಹೋಗಿಬರ್ತೀನಿ,” ಎಂದರು.

“ಏನು ವಿಶೇಷ?”

“ಮುರಿದ ಕುರ್ಚಿ ನೋಡೋದಿದೆ.”

ಒಂದಕ್ಷರ ಸುಳ್ಳಿಲ್ಲ. “ಭಾನುವಾರನೂ ಬಿಡಲ್ವಲ್ಲ ಜನ ನಿಮ್ಮನ್ನ,” ಎಂದು ಹೆಂಡತಿ ಮರುಗಿದಳು. ಮರುಕವನ್ನು ಒಬ್ಬಳೇ ಇಟ್ಟುಕೊಂಡು ಅಭ್ಯಾಸವಿಲ್ಲದ್ದರಿಂದ ಅದನ್ನು ಎದುರುಮನೆ ಟೀಚರಮ್ಮನ ಜೊತೆ ಹಂಚಿಕೊಂಡಳು.

ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊಸಿಲು ದಾಟುವಷ್ಟರಲ್ಲಿ ಹೆಂಡತಿ ಹತ್ಯಾರದ ಚೀಲ ತಂದು ಹೆಗಲಿಗೆ ನೇತುಹಾಕಿದಳು. “ಇದನ್ನ ಬಿಟ್ಟು ಹೊರಟಿದ್ದೀರಲ್ಲ. ಕುರ್ಚಿನ ಬರೀ ಕಣ್ಣಲ್ಲೇ ರಿಪೇರಿ ಮಾಡ್ತೀರಾ?”

ಚೀಲ ಹೊತ್ತೇ ಗೇಟು ತೆಗೆದರೆ ಅಲ್ಲಿ ಟೀಚರಮ್ಮ, ಪಕ್ಕದಲ್ಲಿ ಕೈಗಳಿದ್ದ ಒಂದು ಮರದ ಕುರ್ಚಿ. ಕುರ್ಚಿಯವರು ತಾವೇ ಹೋದ ವಾರ ರಿಪೇರಿ ಮಾಡಿ ಕೊಟ್ಟದ್ದು.

“ಹೇಗೂ ಕುರ್ಚಿ ಕೆಲಸಕ್ಕೇ ಹೊರಟಿದ್ದೀರಿ, ಇದನ್ನ ಅದೇ ಊರಲ್ಲಿರೋ ನಮ್ಮಕ್ಕನ ಮನೆಗೆ ಮುಟ್ಟಿಸಿಬಿಡಿ,” ಎಂದರು ಟೀಚರಮ್ಮ, ಲೆಕ್ಕ ಒಪ್ಪಿಸು ಎನ್ನುವ ದನಿಯಲ್ಲಿ. “ನಮ್ಮಪ್ಪ ಕೂರ್ತಿದ್ದ ಕುರ್ಚಿ. ಅವರು ಇದರಲ್ಲಿ ಕೂತ್ರೆ ಮನೇಲಿ ಒಬ್ರೂ ಹಾಡು ಗುನುಗೋ ಹಾಗಿರಲಿಲ್ಲ. ಅಷ್ಟು ಗಾಂಭೀರ್ಯದ ಕುರ್ಚಿ ಇದು. ಹುಷಾರು.”

“ಇವತ್ತೇ ಯಾಕೆ ಟೀಚರ್...”

“ಮೂರು ತಲೆಮಾರು ಅಲ್ಲಾಡಲ್ಲ ಅಂತ ನೀವೇ ಅಂದ್ರಲ್ಲ. ಬಸ್ಸಲ್ಲಿ ಅಲ್ಲಾಡುತ್ತಾ?”

ಕುರ್ಚಿ ತಲೆಯ ಮೇಲೇರಿತು.

ಬಸ್ಸಿನ ಕಂಡಕ್ಟರು ಇವರನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ನೋಡಿದ. “ಸೀಟಿರಲ್ಲ ಅಂತ ಮೊದಲೇ ಗೊತ್ತಿತ್ತಾ? ಸ್ವಂತದ್ದೇ ತಂದಿದ್ದೀರಿ.” ನಡುದಾರಿಯಲ್ಲಿ ಇಟ್ಟ ಕುರ್ಚಿಯಲ್ಲಿ ಮುಂದಿನ ನಿಲ್ದಾಣದಲ್ಲಿ ಹತ್ತಿದ ಒಬ್ಬ ಮುದುಕರು ಸಲೀಸಾಗಿ ಕೂತುಬಿಟ್ಟರು. ಹತ್ಯಾರದ ಚೀಲ ಕಂಡಿದ್ದೇ ತಡ, ಬಸ್ಸಿಗೆ ಬಸ್ಸೇ ಇವರತ್ತ ತಿರುಗಿತು. ಒಬ್ಬಾಕೆಯ ಮಂಚ ಕಿರುಗುಟ್ಟುತ್ತಿತ್ತಂತೆ. ಇನ್ನೊಬ್ಬರ ಬೀರುವಿನ ಬಾಗಿಲು ಒಂದು ಕಡೆ ವಾಲಿತ್ತಂತೆ. ಡಾಕ್ಟರು ಬಸ್ಸು ಹತ್ತಿದರೆ ಎಲ್ಲರಿಗೂ ಕೆಮ್ಮು ಬರುವ ಹಾಗೆ ಮರದ ಸಾಮಾನಿಗೆಲ್ಲ ಕಾಯಿಲೆ ಬಂದಿತ್ತು. ಕುರ್ಚಿಯವರು ಎಲ್ಲರಿಗೂ ಒಂದೊಂದು ಮದ್ದು ಹೇಳುತ್ತ, ಮನಸ್ಸಿನಲ್ಲಿ ಮಾತ್ರ ಕಾಲೋ, ಬೆನ್ನೋ, ಕಾಲೋ, ಬೆನ್ನೋ ಎನ್ನುತ್ತಾ ನಿಂತೇ ಹೋದರು.

ಅಕ್ಕನ ಮನೆಗೆ ಬೀಗ. ಪಕ್ಕದ ಮನೆಯಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದವರು ಕೊಳವೆ ಹಿಡಿದೇ ಹೇಳಿದರು: “ಅಮ್ಮಾವ್ರು ಸಂಗೀತ ಕೇಳಕ್ಕೆ ಅಂತ ಬೆಳಿಗ್ಗೇನೇ ಹೋದ್ರು. ಸಾಯಂಕಾಲ ಬರ್ತಾರೆ.”

“ಈ ಕುರ್ಚಿ ನಿಮ್ಮಲ್ಲಿ ಇಟ್ಟಿರ್ಲಾ?”

“ಅವರಪ್ಪನ ಕುರ್ಚಿನಾ? ಬೇಡಪ್ಪ. ಹೋದ ಸಲ ಇಲ್ಲಿಗೆ ಬಂದಿದ್ದಾಗ ಅದರ ಮೇಲೆ ಬೆಕ್ಕು ಕೂತಿದ್ದಕ್ಕೆ ಆ ತಾಯಿ ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ.”

ಆಟದ ಹೊತ್ತು ಆಗುತ್ತ ಬಂದಿತ್ತು. ಕುರ್ಚಿ ಮತ್ತೆ ತಲೆಗೇರಿತು.

ಸಭಾಂಗಣದ ಮುಂಬಾಗಿಲಿನ ಕಾವಲಿನವನು ಟಿಕೆಟ್ಟು ನೋಡಿದ, ಕುರ್ಚಿ ನೋಡಿದ. “ಒಳಗೆ ಕುರ್ಚಿ ಹಾಕಿದ್ದೀವಿ ಯಜಮಾನ್ರೇ. ಮನೆಯಿಂದ ತರಬೇಕಾಗಿರಲಿಲ್ಲ.” ಚೀಲದಲ್ಲಿ ಸುತ್ತಿಗೆ, ಉಳಿ, ಗರಗಸ ಕಂಡ ಮೇಲಂತೂ ಅವನ ಮುಖ ಬಿಗಿಯಿತು. “ಇದನ್ನೆಲ್ಲ ಹಿಂಬಾಗಿಲಲ್ಲಿ ಕೊಟ್ಟು ಬನ್ನಿ.”

ಹಿಂಬಾಗಿಲಲ್ಲಿ ವೇದಿಕೆಯ ಉಸ್ತುವಾರಿಯ ಹೆಂಗಸು ಎರಡು ಕಿವಿಗೂ ಒಂದೊಂದು ಫೋನು ಹಿಡಿದು ನಿಂತಿದ್ದಳು. ತಲೆಯ ಮೇಲೆ ಕುರ್ಚಿ ಹೊತ್ತವರನ್ನು ಕಂಡು, “ಕುರ್ಚಿಯವರಾ?” ಎಂದಳು.

ಇಡೀ ಬೀದಿ ಕರೆಯುವ ಹೆಸರು. “ಹೌದಮ್ಮ,” ಎಂದು ಬಾಯಿ ತನ್ನಷ್ಟಕ್ಕೆ ಹೇಳಿತು.

“ಎಷ್ಟು ಹೊತ್ತಿಗೆ ಬರೋದು? ಇಲ್ಲೇ ಪರದೆ ಪಕ್ಕ ಇರಿ. ಕೂಗಿದಾಗ ಸಿಗಬೇಕು.” ತೋಳು ಹಿಡಿದು ಒಳಗೆ ತಳ್ಳಿಯೇ ಬಿಟ್ಟಳು. ಕುರ್ಚಿಯವರು ಟಿಕೆಟ್ಟು ತೆಗೆದು ತೋರಿಸಲು ಹೋದರು. ಅಷ್ಟರಲ್ಲಿ ಪರದೆಯ ಸಂದಿಯಿಂದ ವೇದಿಕೆ ಕಂಡಿತು. ಮುಂದಿನ ಸಾಲೇನು, ಮುಂದಿನ ಸಾಲಿಗಿಂತಲೂ ಹತ್ತಿರ. ಟಿಕೆಟ್ಟು ತನ್ನಷ್ಟಕ್ಕೆ ಜೇಬಿಗೆ ಮರಳಿತು.

ಆಕೆ ಮೂಲೆಯಲ್ಲಿದ್ದ ಒಂದು ಬಣ್ಣದ ಕುರ್ಚಿ ತೋರಿಸಿದಳು. “ಅದರ ಮೇಲೆ ಯಾರೂ ಕೂರದ ಹಾಗೆ ನೋಡ್ಕೊಳ್ಳಿ. ಕೊನೇ ಹಾಡಿಗೆ ಹಾಡೋ ಅಣ್ಣ ಅದರ ಮೇಲೆ ಕೂತು ಶುರು ಮಾಡ್ತಾರೆ. ಆಮೇಲೆ...” ಅಷ್ಟರಲ್ಲಿ ಯಾವುದೋ ಫೋನು ಬಡಿದುಕೊಂಡಿತು, ಆಕೆ ಹೋದಳು.

‘ಕಬ್ಬಿಣದ ಕಡಲೆ’ಯವರು ಶುರು ಮಾಡಿದರು. ಕುರ್ಚಿಯವರು ಒಂದು ಹಾಡು ಮೈಮರೆತು ಕೇಳಿದರು. ಆಮೇಲೆ, ಕಸುಬಿನ ಕಣ್ಣು ಸುಮ್ಮನಿರದೆ, ಬಣ್ಣದ ಕುರ್ಚಿಯನ್ನು ಬಗ್ಗಿಸಿ ಅಡಿ ನೋಡಿದರು. ನಾಲ್ಕು ಕಾಲನ್ನೂ ಯಾರೋ ಅರ್ಧ ಕೊಯ್ದು ಮೇಲೆ ಬಣ್ಣ ಬಳಿದಿದ್ದರು. ಬೆನ್ನಿನ ಕೀಲಿಗೆ ಮೊಳೆಯೇ ಇಲ್ಲ. ಅಣ್ಣ ಇದರ ಮೇಲೆ ಕೂತರೆ ಸೊಂಟ ಉಳಿಯುತ್ತದೆಯೇ? ಯಾವ ಪಾಪಿಯ ಕೆಲಸ ಇದು? ಕರೆದು ಹೇಳೋಣವೆಂದರೆ ಉಸ್ತುವಾರಿಯ ಹೆಂಗಸು ಎಲ್ಲೂ ಕಾಣಲಿಲ್ಲ. ಹತ್ಯಾರದ ಚೀಲ ಕಾಲಬುಡದಲ್ಲೇ ಇತ್ತು.

ಅತ್ತ ಕಡಲೆಯವರು ಕುಟ್ಟಿದರು, ಇತ್ತ ಇವರು ಕುಟ್ಟಿದರು. ಅವರ ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ ಇವರ ಸುತ್ತಿಗೆಯ ಪೆಟ್ಟು. ಕಾಲಿಗೆಲ್ಲ ಕಬ್ಬಿಣದ ಪಟ್ಟಿ, ಕೀಲಿಗೆಲ್ಲ ತಿರುಪು, ಅಡಿಯಲ್ಲಿ ಅಡ್ಡಪಟ್ಟಿ. ಇಷ್ಟು ಭಕ್ತಿಯಿಂದ ಅವರು ತಮ್ಮ ಮನೆಯ ಕುರ್ಚಿಯನ್ನೂ ರಿಪೇರಿ ಮಾಡಿದವರಲ್ಲ. ಹಾಡುಗಳು ಮುಗಿದದ್ದೇ ತಿಳಿಯಲಿಲ್ಲ. ಬೆವರು ಒರೆಸಿಕೊಂಡು ತಲೆಯೆತ್ತುವಾಗ ‘ಮುರಿದ ಕುರ್ಚಿ’ಯೂ ಕೊನೆಯ ಹಾಡಿಗೆ ಬಂದಿತ್ತು.

ಹಾಡುಗಾರ, ನರೆತ ಜಡೆಯ ದೊಡ್ಡ ಆಳು, ಬಣ್ಣದ ಕುರ್ಚಿಯನ್ನು ವೇದಿಕೆಯ ನಡುವಿಗೆ ಒಯ್ದು ಅದರ ಮೇಲೆ ಕೂತು ಶುರು ಮಾಡಿದ. ಕುರ್ಚಿ ಕಿಂಚಿತ್ತೂ ಅಲ್ಲಾಡಲಿಲ್ಲ. ಕುರ್ಚಿಯವರು ಹೆಮ್ಮೆಯಿಂದ ಸುತ್ತಿಗೆಯನ್ನು ಚೀಲಕ್ಕೆ ಸೇರಿಸಿದರು. ಇನ್ನು ಮುರಿಯುವ ಕುರ್ಚಿ ಯಾವ ಕಡೆಯಿಂದ ಬರುತ್ತದೋ ಎಂದು ಕುತ್ತಿಗೆ ಚಾಚಿ ಕಾದರು.

ಹಾಡುಗಾರ ಎದ್ದ. ಕೂತಿದ್ದ ಕುರ್ಚಿಯನ್ನೇ ಎತ್ತಿದ. ನೆಲಕ್ಕೆ ಬಡಿದ.

ಠಣ್ ಎಂದಿತು. ವೇದಿಕೆಯ ಹಲಗೆಯಲ್ಲಿ ಒಂದು ಗುಳಿ ಬಿತ್ತು. ಎರಡನೆಯ ಏಟಿಗೆ ಹಾಡುಗಾರನ ಭುಜವೇ ಕಿರ್ರ್ ಎಂದಿರಬೇಕು, ಮುಖ ಕಿವುಚಿದ. ಮೂರನೆಯ ಏಟಿಗೆ ಮೈಕು ಬಿತ್ತು, ಕುರ್ಚಿ ಚೆಂಡಿನ ಹಾಗೆ ಪುಟಿದು ನಾಲ್ಕು ಕಾಲಿನ ಮೇಲೆ ನೆಟ್ಟಗೆ ನಿಂತಿತು, ಬನ್ನಿ ಕೂತ್ಕೊಳ್ಳಿ ಎನ್ನುವ ಹಾಗೆ. ಜನ ಗೊಳ್ಳೆಂದರು. ಡ್ರಮ್ಮಿನವನು ಏನು ಮಾಡಲೂ ತೋಚದೆ ಕುಟ್ಟುತ್ತಲೇ ಇದ್ದ. ಆಗ ಕುರ್ಚಿಯವರಿಗೆ ಎಲ್ಲ ತಿಳಿಯಿತು. ತಿಳಿದೂ ಉಪಯೋಗವಿಲ್ಲದಷ್ಟು ತಡವಾಗಿ.

ಹಾಡುಗಾರ ಪರದೆಯ ಕಡೆಗೆ ನುಗ್ಗಿ ಬಂದ, ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ಹೋದ. ಕೈಗೆ ಸಿಕ್ಕಿದ್ದು ಟೀಚರಮ್ಮನ ಅಪ್ಪ ಕೂರುತ್ತಿದ್ದ ಗಾಂಭೀರ್ಯದ ಕುರ್ಚಿ.

“ಅಣ್ಣಾ, ಅದಲ್ಲ, ಅದು...” ಎಂಬ ಮಾತನ್ನು ಗಿಟಾರು ನುಂಗಿತು. ಕುರ್ಚಿ ಮೇಲೇರಿತು, ದೀಪದ ಬೆಳಕಿನಲ್ಲಿ ಕ್ಷಣ ನಿಂತಿತು. ಟೀಚರಮ್ಮನ ಮುಖ ಅದರ ಬೆನ್ನಿನ ಮೇಲೆ ಮೂಡಿದ ಹಾಗಾಯಿತು. ಕುರ್ಚಿಯವರು ಕಣ್ಣು ಮುಚ್ಚಿಕೊಂಡರು.

ಕಿರ್ರ್. ಚಟ್. ಧಡಾರ್.

ಕ್ಯಾಸೆಟ್ಟಿನಲ್ಲಿ ಕೇಳಿದ್ದು ಅದೇ, ಥೇಟು ಅದೇ. ಕಣ್ಣು ಬಿಡುವಾಗ ಹಾಡುಗಾರ ಚೂರುಗಳನ್ನು ಆಯ್ದು ಜನರತ್ತ ಎಸೆಯುತ್ತಿದ್ದ, ಜನ ಮುಗಿಬಿದ್ದು ಹಿಡಿಯುತ್ತಿದ್ದರು.

ಆಟ ಮುಗಿದು ಹಾಡುಗಾರ ಭುಜ ಉಜ್ಜಿಕೊಳ್ಳುತ್ತ ಬಂದ. “ಬಣ್ಣದ ಕುರ್ಚಿ ಭದ್ರ ಮಾಡಿದ್ದು ಯಾರು?”

“ನಾನೇ.”

“ಚೆನ್ನಾಗಿ ಮಾಡಿದ್ದೀರಿ,” ಎಂದ, ಇನ್ನೊಂದು ಭುಜವನ್ನೂ ಉಜ್ಜಿಕೊಂಡು.

ಹೇಗೂ ಕೆಟ್ಟದ್ದಾಯಿತು, ಒಂದು ಮಾತಾದರೂ ತಿಳಿಯಲಿ ಎಂದು ಕುರ್ಚಿಯವರು ಕೇಳಿಯೇ ಬಿಟ್ಟರು. “ಅಣ್ಣ, ಮೊದಲು ಹೋಗಿದ್ದು ಕಾಲೋ ಬೆನ್ನೋ?”

“ನಂಗೇನು ಗೊತ್ತಪ್ಪ. ಚೂರು ಕಣ್ಣಿಗೆ ಬಡಿಯುತ್ತೆ ಅಂತ ಮುರಿಯೋವಾಗ ನಾನು ಯಾವಾಗ್ಲೂ ಕಣ್ಣು ಮುಚ್ಕೋತೀನಿ.”

ಹೊರಡುವಾಗ ಉಸ್ತುವಾರಿಯ ಹೆಂಗಸು ಬಣ್ಣದ ಕುರ್ಚಿಯನ್ನು ಇವರ ತಲೆಯ ಮೇಲಿಟ್ಟಳು.

ಅದನ್ನೇ ಹೊತ್ತುಕೊಂಡು ಅಕ್ಕನ ಮನೆ ಬಾಗಿಲು ತಟ್ಟಿದರು. ಅಪ್ಪನ ಕುರ್ಚಿಯ ಬದಲು ಇದು ಎಂದು ಹೇಗೆ ಹೇಳುವುದು? ಬಾಗಿಲು ತೆರೆದಾಕೆಯದು ಟೀಚರಮ್ಮನದೇ ಮುಖ, ಹತ್ತು ವರ್ಷ ಹೆಚ್ಚಿನದು. ಕೂದಲು ಕೆದರಿತ್ತು. ಕೂಗಿ ಕೂಗಿ ಗಂಟಲು ಒಡೆದಿತ್ತು. ಎದೆಗೆ ಒಂದು ಮರದ ತುಂಡನ್ನು ಅವಚಿಕೊಂಡಿದ್ದರು.

“ಕುರ್ಚಿಯವರಾ? ತಂಗಿ ಫೋನ್ ಮಾಡಿದ್ಲು. ಬನ್ನಿ, ಬನ್ನಿ. ಒಳ್ಳೇ ದಿನ ಬಂದ್ರಿ. ನೋಡಿ, ‘ಮುರಿದ ಕುರ್ಚಿ’ಯವರು ಎಸೆದ ಕಾಲು, ನನ್ನ ಕೈಗೇ ಸಿಕ್ತು. ಪಕ್ಕದ ಹುಡುಗ್ರ ಕೈಯಿಂದ ಕಿತ್ಕೊಂಡೆ.”

ಕಾಲಿನ ತುದಿಗೆ ಸೈಕಲ್ ಟೈರಿನ ತುಂಡು ಬಡಿದಿತ್ತು, ನೆಲ ಗೀಚದಿರಲಿ ಎಂದು. ಹೋದ ವಾರ ತಾವೇ ಬಡಿದದ್ದು. ಕುರ್ಚಿಯವರು ತೊದಲುತ್ತ ಇದ್ದದ್ದನ್ನೆಲ್ಲ ಹೇಳಿದರು.

ಅಕ್ಕ ಕಾಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಸೋಫಾದ ಮೇಲೆ ಕುಸಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ನಮ್ಮಪ್ಪನ ಕುರ್ಚಿ, ಆ ವೇದಿಕೆ ಮೇಲೆ. ಗುನುಗಿದ್ರೂ ಗದರ್ತಿದ್ರು ಕಣ್ರೀ.”

ಆ ನಗು ಕಂಡು ಕುರ್ಚಿಯವರಿಗೆ ಧೈರ್ಯ ಬಂತು. “ಅಮ್ಮ, ನೀವು ಮುಂದೇನೇ ಇದ್ರಲ್ಲ. ಕಣ್ಣು ಬಿಟ್ಕೊಂಡೇ ನೋಡಿದ್ರಾ?”

“ಎವೆ ಮಿಟುಕಿಸದೆ ನೋಡಿದೆ.”

“ಮೊದಲು ಹೋಗಿದ್ದು ಕಾಲೋ ಬೆನ್ನೋ?”

ಅಕ್ಕ ಬಾಯಿ ತೆರೆದರು. ಅಲ್ಲೇ ನಿಲ್ಲಿಸಿದರು. ನಕ್ಕ ಮುಖ ನಿಧಾನವಾಗಿ ತಂಗಿಯ ಮುಖವಾಯಿತು. “ಎಷ್ಟಾದ್ರೂ ಅಪ್ಪನ ಕುರ್ಚಿ. ಉಳಿದ ಮೂರು ಕಾಲು, ಬೆನ್ನು, ಎರಡು ಕೈ ಯಾರ್ಯಾರ ಮನೇಲಿದೆಯೋ ಹುಡುಕಿ ತಂದು ಜೋಡಿಸಿಕೊಡಿ. ಆಮೇಲೆ ಹೇಳ್ತೀನಿ.”

ದೀಪ ಹಚ್ಚುವ ಹೊತ್ತಿಗೆ ಬಣ್ಣದ ಕುರ್ಚಿ ಹೊತ್ತು ಮನೆ ಸೇರಿದರು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು, ಅವಳ ಹಿಂದೆ ಟೀಚರಮ್ಮ.

“ಬೆಳಿಗ್ಗೆಯಿಂದ ಹೊತ್ತಿದ್ದೇ ಬಂತು ಪಾಪ,” ಎಂದಳು ಹೆಂಡತಿ. “ಮುರಿದ ಕುರ್ಚಿ ನೋಡಿದ್ರಾ?”

ಕುರ್ಚಿಯವರು ತಲೆಯ ಮೇಲಿನದನ್ನು ಇಳಿಸಿ, ಅದರ ಮೇಲೆಯೇ ಕೂತರು. ಅದು ಚೂರೂ ಅಲ್ಲಾಡಲಿಲ್ಲ.

“ಕುರ್ಚಿ ನೋಡಿದೆ,” ಎಂದರು. “ಮುರಿದಿದ್ದನ್ನೂ ನೋಡಿದೆ. ಮುರಿಯೋದನ್ನ ಮಾತ್ರ ನೋಡಲಿಲ್ಲ.”